ಆನಂದ್‌ನಲ್ಲಿ ಉಳಿದವರು

ವರ್ಗೀಸ್ ಕುರಿಯನ್ ಗುಜರಾತಿನ ಆನಂದ್‌ಗೆ ಬಂದಿಳಿದದ್ದು 1949ರ ಮೇ 13ರಂದು. ಆಗ ಅವರಿಗೆ 27 ವರ್ಷ. ಹಾಲಿನ ಮೇಲೆ ಪ್ರೀತಿ ಇರಲಿಲ್ಲ, ರೈತರ ಪರಿಚಯ ಇರಲಿಲ್ಲ, ಆ ಧೂಳಿನ ಊರಲ್ಲಿ ನೆಲೆಯೂರುವ ಯೋಚನೆಯಂತೂ ಸುತರಾಂ ಇರಲಿಲ್ಲ. ಸರ್ಕಾರಿ ವಿದ್ಯಾರ್ಥಿವೇತನದಲ್ಲಿ ಅಮೆರಿಕದಲ್ಲಿ ಓದಿದ್ದರು, ಮುಚ್ಚಳಿಕೆ ಬರೆದುಕೊಟ್ಟಿದ್ದರು, ಆ ಋಣ ತೀರಿಸಲು ಸರ್ಕಾರ ತೋರಿಸಿದ ಜಾಗಕ್ಕೆ ಬಂದಿದ್ದರು. ಅಲ್ಲಿಂದ ಬಿಡಿಸಿಕೊಂಡು ಹೋಗಲು ತಿಂಗಳು ತಿಂಗಳೂ ರಾಜೀನಾಮೆ ಪತ್ರ ಕಳಿಸುತ್ತಿದ್ದುದಾಗಿ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹೀಗೆ ಬಂದ ಮನುಷ್ಯ 2012ರ ಸೆಪ್ಟೆಂಬರ್ 9ರಂದು ತೀರಿಕೊಳ್ಳುವ ಹೊತ್ತಿಗೆ ಆನಂದ್‌ನವರೇ ಆಗಿಬಿಟ್ಟಿದ್ದರು.

ನಾನು ಮಂಡ್ಯ ಸೀಮೆಯಲ್ಲಿ ಹಾಲು ಒಕ್ಕೂಟದ ವಿಸ್ತರಣಾಧಿಕಾರಿಯಾಗಿ ದುಡಿದು ನಿವೃತ್ತಳಾದವಳು. ಹಳ್ಳಿಗಳಲ್ಲಿ ಹೊಸ ಸಂಘ ಕಟ್ಟುವುದು, ಕಾರ್ಯದರ್ಶಿಗಳಿಗೆ ಲೆಕ್ಕ ಕಲಿಸುವುದು, ಜಗಳ ಬಿಡಿಸುವುದು ನನ್ನ ಕೆಲಸವಾಗಿತ್ತು. ಈಗಲೂ ಆಗಾಗ ಹೊಸ ಅಧಿಕಾರಿಗಳ ತರಬೇತಿಗೆ ಕರೆಯುತ್ತಾರೆ. ಎಂ.ಬಿ.ಎ. ಮಾಡಿಕೊಂಡು ಬಂದ ಬುದ್ಧಿವಂತ ಮಕ್ಕಳು. ಊಟದ ಬಿಡುವಿನಲ್ಲಿ ಯಾರಾದರೊಬ್ಬರು ಪಕ್ಕ ಕೂತು ಕೇಳುತ್ತಾರೆ: ‘ಮೇಡಂ, ನಾಳೆ ನಾವೂ ಮ್ಯಾನೇಜರ್ ಆಗ್ತೀವಿ. ಎತ್ತ ಹೋಗಬೇಕು, ಯಾತಕ್ಕೆ ದುಡೀಬೇಕು ಅನ್ನೋದು ಸ್ಪಷ್ಟ ಆಗೋದು ಹೇಗೆ?’ ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಂಡವಳಲ್ಲ. ಅವರಿಗೆ ಹೇಳುವುದು ಒಂದೇ ಕಥೆ, ಖೇಡಾ ಜಿಲ್ಲೆಯ ಹಾಲಿನ ಕಥೆ. ಆದರೆ ಆ ಕಥೆಯನ್ನು ಕುರಿಯನ್ನರಿಂದ ಶುರು ಮಾಡಿದರೆ ತಪ್ಪು ದಾರಿ ಹಿಡಿದ ಹಾಗೆ. ಅವರು ಬರುವುದಕ್ಕೆ ಮೊದಲೇ ಅಲ್ಲಿ ದಾರಿ ಬಿದ್ದಿತ್ತು.

ಖೇಡಾ ಜಿಲ್ಲೆ, ಇಂಗ್ಲಿಷರ ಬಾಯಲ್ಲಿ ಕೈರಾ, ಮೊದಲಿನಿಂದಲೂ ಗಟ್ಟಿ ರೈತರ ನಾಡು. 1918ರಲ್ಲಿ ಬೆಳೆ ಹೋದಾಗ ಕಂದಾಯ ಕಟ್ಟುವುದಿಲ್ಲವೆಂದು ಗಾಂಧೀಜಿ ಮತ್ತು ವಲ್ಲಭಭಾಯಿ ಪಟೇಲರ ಹಿಂದೆ ನಿಂತವರು ಇವರೇ. ಎಮ್ಮೆ ಮನೆ ಮನೆಯಲ್ಲೂ ಇತ್ತು. ಹೊಲದ ಬೆಳೆ ವರ್ಷಕ್ಕೊಮ್ಮೆ ಕೈಗೆ ಬಂದರೆ, ದಿನವೂ ಕಾಸು ಕಾಣಿಸುತ್ತಿದ್ದದ್ದು ಎಮ್ಮೆಯ ಕೆಚ್ಚಲಲ್ಲಿ. 1930ರ ಸುಮಾರಿಗೆ ಪೋಲ್ಸನ್ ಎಂಬ ಕಂಪನಿ ಆನಂದ್‌ನಲ್ಲಿ ಬೆಣ್ಣೆಯ ಕಾರ್ಖಾನೆ ಹಾಕಿತು. ಮುಂಬೈನಲ್ಲಿ ಕಾಫಿಪುಡಿ ಮಾರಿ ಬೆಳೆದ ಪಾರ್ಸಿ ವರ್ತಕ ಪೆಸ್ತನ್‌ಜಿ ಎದಲ್‌ಜಿ ಅವರ ಕಂಪನಿ ಅದು. ಪೋಲ್ಸನ್ ಬೆಣ್ಣೆ ಎಂದರೆ ಆ ಕಾಲದ ದೊಡ್ಡ ಹೆಸರು. 1945ರಲ್ಲಿ ಮುಂಬೈ ಸರ್ಕಾರ ನಗರಕ್ಕೆ ಒಳ್ಳೆಯ ಹಾಲು ತರಿಸುವ ಯೋಜನೆ ಹಾಕಿತು. ಆನಂದ್‌ನಿಂದ ಸುಮಾರು 400 ಕಿಲೋಮೀಟರ್ ರೈಲಿನಲ್ಲಿ ಹಾಲು ಹೋಗಬೇಕು. ಅದನ್ನು ಕೊಂಡು, ಕಾಯಿಸಿ, ತಂಪು ಮಾಡಿ ಕಳಿಸುವ ಗುತ್ತಿಗೆ ಪೋಲ್ಸನ್‌ಗೆ ಸಿಕ್ಕಿತು. ಸರ್ಕಾರಕ್ಕೆ ಅನುಕೂಲವಾಯಿತು, ಕಂಪನಿಗೆ ಲಾಭವಾಯಿತು, ನಡುವಿನ ದಲ್ಲಾಳಿಗಳಿಗೂ ಪಾಲು ಸಿಕ್ಕಿತು. ಎಮ್ಮೆ ಕಟ್ಟಿದವನಿಗೆ ಎಷ್ಟು ಸಿಗಬೇಕೆಂದು ಮಾತ್ರ ಯಾರೂ ಗೊತ್ತು ಮಾಡಲಿಲ್ಲ.

ರೈತರು ಸರ್ದಾರ್ ಪಟೇಲರ ಹತ್ತಿರ ಹೋದರು. ನೀವೇ ಸಂಘ ಕಟ್ಟಿ, ನಿಮ್ಮ ಹಾಲನ್ನು ನೀವೇ ಮಾರಿ, ಅದಕ್ಕೆ ಅಡ್ಡ ಬಂದರೆ ಹಾಲು ಕೊಡುವುದನ್ನೇ ನಿಲ್ಲಿಸಿ ಎಂಬುದು ಅವರ ಸಲಹೆ. ಅದನ್ನು ನಡೆಸಿಕೊಡಲು ಮೊರಾರ್ಜಿ ದೇಸಾಯಿಯವರನ್ನು ಕಳಿಸಿದರು. 1946ರ ಜನವರಿ 4ರಂದು ಸಮರ್ಖಾ ಎಂಬ ಹಳ್ಳಿಯಲ್ಲಿ ಸಭೆ ಸೇರಿತು. ಹಳ್ಳಿಗೊಂದು ಸಂಘ, ಎಲ್ಲ ಸಂಘಗಳಿಗೆ ಸೇರಿ ಜಿಲ್ಲೆಗೊಂದು ಒಕ್ಕೂಟ, ಸರ್ಕಾರ ಹಾಲು ಕೊಳ್ಳುವುದಾದರೆ ಆ ಒಕ್ಕೂಟದಿಂದಲೇ ಕೊಳ್ಳಬೇಕು ಎಂದು ತೀರ್ಮಾನವಾಯಿತು. ಸರ್ಕಾರ ಒಪ್ಪಲಿಲ್ಲ. ಆಮೇಲೆ 15 ದಿನ ಖೇಡಾದಿಂದ ಗುತ್ತಿಗೆದಾರರಿಗೆ ಒಂದು ಹನಿ ಹಾಲು ಹೋಗಲಿಲ್ಲ. ಹಾಲು ಚೆಲ್ಲಿ ಕೂರುವುದು ಎಂದರೆ ಏನೆಂದು ಹಸು ಎಮ್ಮೆ ಸಾಕಿದವರಿಗೆ ಗೊತ್ತು. ಕಾರ್ಖಾನೆಯವನು ಯಂತ್ರ ನಿಲ್ಲಿಸಬಹುದು, ಕರೆಯುವ ಎಮ್ಮೆಯನ್ನು ಹಾಗೆ ನಿಲ್ಲಿಸಲಾಗದು. ಎರಡು ಹೊತ್ತೂ ಕರೆಯಲೇಬೇಕು. ಕರೆದ ಹಾಲು ಕೈಯಲ್ಲಿ, ಕೊಳ್ಳುವವನು ಬಾಗಿಲಲ್ಲಿ, ಆದರೂ ಕೊಡದೆ ಇರುವುದು. ಮುಂಬೈನ ಹಾಲಿನ ಕಮಿಷನರರೇ ಆನಂದ್‌ಗೆ ಬಂದು ನೋಡಿ ಒಪ್ಪಿಕೊಂಡರು. 1946ರ ಡಿಸೆಂಬರ್ 14ರಂದು ಖೇಡಾ ಜಿಲ್ಲಾ ಹಾಲು ಉತ್ಪಾದಕರ ಸಹಕಾರ ಒಕ್ಕೂಟ ನೋಂದಣಿಯಾಯಿತು. ಅಮುಲ್ ಎಂಬ ಹೆಸರು ಹುಟ್ಟಿದ್ದು ಅದಾದ ಮೇಲೆ.

ಆ ಒಕ್ಕೂಟದ ಅಧ್ಯಕ್ಷರಾದವರು ತ್ರಿಭುವನದಾಸ್ ಪಟೇಲ್. 1903ರಲ್ಲಿ ಹುಟ್ಟಿದ ಆನಂದ್‌ನವರೇ, ಗಾಂಧೀಜಿಯ ಗುಜರಾತ್ ವಿದ್ಯಾಪೀಠದಲ್ಲಿ ಓದಿದವರು, ಸತ್ಯಾಗ್ರಹದಲ್ಲಿ ಜೈಲು ಕಂಡವರು. ಹಳ್ಳಿಯಿಂದ ಹಳ್ಳಿಗೆ ನಡೆದು, ಒಂದೊಂದು ಮನೆಯವರನ್ನೂ ಒಪ್ಪಿಸಿ ಸಂಘ ಕಟ್ಟಿದರು. 1948ರ ಜೂನ್‌ನಲ್ಲಿ ಒಕ್ಕೂಟ ಮುಂಬೈಗೆ ಹಾಲು ಕಳಿಸಲು ಶುರು ಮಾಡಿದಾಗ ಬರುತ್ತಿದ್ದದ್ದು ಎರಡೇ ಹಳ್ಳಿಗಳಿಂದ, ದಿನಕ್ಕೆ ಸುಮಾರು 250 ಲೀಟರ್. ಆ ವರ್ಷದ ಕೊನೆಗೆ ಅದು 5,000 ಲೀಟರ್ ಮುಟ್ಟಿತ್ತು. ಎರಡು ಹಳ್ಳಿ, 250 ಲೀಟರ್ ಎಂದು ನಾನು ಹೇಳುವಾಗ ಹೊಸ ಅಧಿಕಾರಿಗಳು ಅದನ್ನು ಬರೆದುಕೊಳ್ಳುವುದೂ ಇಲ್ಲ. ಇವತ್ತು ನಮ್ಮ ಒಂದು ಸಾಧಾರಣ ಸಂಘಕ್ಕೆ ಒಂದು ಹೊತ್ತಿಗೆ ಬರುವ ಹಾಲು ಅದು. ಅಷ್ಟು ಹಾಲು ಹಿಡಿದುಕೊಂಡು ಒಂದು ದೊಡ್ಡ ಕಂಪನಿಯ ಎದುರು ಅಂಗಡಿ ತೆರೆದವರಿಗೆ ತಾವು ಯಾತಕ್ಕೆ ನಿಂತಿದ್ದೇವೆ ಎಂಬುದರಲ್ಲಿ ಅನುಮಾನವಿರಲಿಲ್ಲ.

ಕುರಿಯನ್ ಬಂದದ್ದು ಈ ಹೊತ್ತಿಗೆ. ಕೋಳಿಕ್ಕೋಡಿನಲ್ಲಿ ಹುಟ್ಟಿ, ಮದರಾಸಿನ ಲೊಯೊಲಾ ಕಾಲೇಜಿನಲ್ಲಿ ಭೌತವಿಜ್ಞಾನ, ಗಿಂಡಿಯಲ್ಲಿ ಎಂಜಿನಿಯರಿಂಗ್ ಓದಿದವರು. ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯಲ್ಲಿದ್ದರು. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು, ಆದರೆ ಡೇರಿ ಎಂಜಿನಿಯರಿಂಗ್‌ಗೆ. ಅಮೆರಿಕಕ್ಕೆ ಹೋಗುವ ಮೊದಲು ಅವರನ್ನು ಬೆಂಗಳೂರಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ಕಳಿಸಿದರು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ನಮ್ಮ ನಾಡಿಗೆ ಬಂದಿದ್ದಾಗ ಹಸು ಸಾಕಣೆಯ ಪಾಠ ಕೇಳಿದ್ದು ಇದೇ ಸಂಸ್ಥೆಯಲ್ಲಿ. ಕುರಿಯನ್ ಅಲ್ಲಿ ಮನಸ್ಸಿಲ್ಲದ ಮನಸ್ಸಿನಿಂದ ತಿಂಗಳು ಕಳೆದರು. ಮಿಷಿಗನ್‌ಗೆ ಹೋದ ಮೇಲೂ ಡೇರಿಗಿಂತ ಲೋಹವಿಜ್ಞಾನ ಮತ್ತು ಪರಮಾಣು ಭೌತವಿಜ್ಞಾನದ ಕಡೆಗೇ ಅವರ ಒಲವು. ಇಂಥವರನ್ನು ಆನಂದ್‌ನ ಸರ್ಕಾರಿ ಸಂಶೋಧನಾ ಕ್ರೀಮರಿಗೆ ಹಾಕಿದರು. ಕೈಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಮಾಂಸ ತಿನ್ನುವ ಕ್ರೈಸ್ತ ಬ್ರಹ್ಮಚಾರಿಗೆ ಆ ಊರಲ್ಲಿ ಬಾಡಿಗೆ ಮನೆ ಕೊಡುವವರಿಲ್ಲ. ಒಂದು ಕಾರಿನ ಗ್ಯಾರೇಜಿನಲ್ಲಿ ಸಂಸಾರ ಹೂಡಿದರು.

ಸರ್ಕಾರಿ ಕ್ರೀಮರಿಯ ಹಳೆಯ ಯಂತ್ರಗಳಲ್ಲೇ ಒಂದು ಭಾಗವನ್ನು ರೈತರ ಒಕ್ಕೂಟ ಬಾಡಿಗೆಗೆ ಹಿಡಿದಿತ್ತು. ಅವು ದಿನ ಬಿಟ್ಟು ದಿನ ಕೆಡುತ್ತಿದ್ದವು. ಹಾಲು ಕೆಟ್ಟರೆ ಮುಂಬೈ ವಾಪಸು ಕಳಿಸುತ್ತದೆ, ವಾಪಸು ಬಂದದ್ದರ ನಷ್ಟ ರೈತರ ತಲೆಗೆ. ತ್ರಿಭುವನದಾಸರು ಪಕ್ಕದ ಕಟ್ಟಡದಲ್ಲಿದ್ದ ಈ ಬೇಸತ್ತ ಎಂಜಿನಿಯರನನ್ನು ಕರೆದು ರಿಪೇರಿ ಮಾಡಿಸಿಕೊಳ್ಳುತ್ತಿದ್ದರು. ಹತ್ತಾರು ಸಲ ರಿಪೇರಿ ಮಾಡಿ ಸಾಕಾಗಿ ಕುರಿಯನ್ ಒಮ್ಮೆ ಹೇಳಿದರು, ಈ ಹಳೇ ಕಬ್ಬಿಣಕ್ಕೆ ದುಡ್ಡು ಸುರಿಯಬೇಡಿ, ಹೊಸ ಪಾಶ್ಚರೀಕರಣ ಯಂತ್ರ ತನ್ನಿ. ಬೆಲೆ 40,000 ರೂಪಾಯಿ. ಹೇಳಿದವರಿಗೆ ಅದೊಂದು ಸಲಹೆ ಅಷ್ಟೆ. ಕೇಳಿದವರು ತಮ್ಮ ನೆಂಟರಿಂದ ಸಾಲ ತಂದು ಹಣ ಹೊಂದಿಸಿ, ನಡೆಯಿರಿ ತರೋಣ ಎಂದರು.

ಆ ಕಾಲಕ್ಕೆ 40,000 ರೂಪಾಯಿ ಎಂದರೆ ಒಂದು ಊರಿನ ದುಡ್ಡು. ಆ ಸಾಲದ ಹಿಂದಿದ್ದ ನಂಬಿಕೆ ಕುರಿಯನ್ನರನ್ನು ಮುಟ್ಟಿತೆಂದು ನನ್ನ ಬಲವಾದ ಅನಿಸಿಕೆ. ಅದೇ ಹೊತ್ತಿಗೆ ಸರ್ಕಾರ ಅವರ ರಾಜೀನಾಮೆಯನ್ನು ಒಪ್ಪಿತು. ಬಯಸಿದ್ದ ಬಿಡುಗಡೆ ಸಿಕ್ಕಿತು, ಸಾಮಾನು ಕಟ್ಟಿದರು. ತ್ರಿಭುವನದಾಸರು ಬಂದು, ಹೊಸ ಯಂತ್ರ ಕೂರಿಸಿ ನಡೆಸುವ ತನಕವಾದರೂ ಇರಿ ಎಂದು ಕೇಳಿಕೊಂಡರು. ಇದ್ದರು. ಯಂತ್ರ ನಡೆಯಿತು. 1950ರಲ್ಲಿ ಒಕ್ಕೂಟದ ಮ್ಯಾನೇಜರ್ ಆದರು.

ಈ ಘಟ್ಟದಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ತರಬೇತಿಯಲ್ಲೂ ನಿಲ್ಲುತ್ತೇನೆ. ಇಲ್ಲಿ ಯಾವ ದಿವ್ಯದರ್ಶನವೂ ಆಗಿಲ್ಲ. ಬೋಧಿವೃಕ್ಷ ಇಲ್ಲ, ನಿದ್ದೆಗೆಟ್ಟು ಚಿಂತಿಸಿದ ರಾತ್ರಿ ಇಲ್ಲ. ಒಂದು ಯಂತ್ರವನ್ನು ಸರಿಯಾಗಿ ಕೂರಿಸಿಕೊಟ್ಟು ಹೋಗುವ ಮಾತು ಕೊಟ್ಟಿದ್ದಾರೆ, ಆ ಮಾತಿಗಾಗಿ ಉಳಿದಿದ್ದಾರೆ. ಉಳಿದಾಗ ಆ ಹಾಲು ಯಾರ ಮನೆಯದು, ಕೆಟ್ಟರೆ ಯಾರ ಒಲೆ ಉರಿಯುವುದಿಲ್ಲ ಎಂಬುದು ಕಣ್ಣಿಗೆ ಬಿದ್ದಿದೆ. ಮಿಷಿಗನ್‌ನ ಪದವಿ ಕೊಡದ ಗುರಿಯನ್ನು ಅವರಿಗೆ ಕೊಟ್ಟದ್ದು ಆ ಹಾಲಿನ ಮಾಲೀಕರಾದ ರೈತರು. ತಮ್ಮನ್ನು ಅವರು ಕೊನೆಯವರೆಗೂ ರೈತರ ನೌಕರ ಎಂದೇ ಕರೆದುಕೊಂಡರು, ಮತ್ತು ಆ ಮಾತನ್ನು ಶಬ್ದಶಃ ನಂಬಿದ್ದರು.

ಮಾಲೀಕರು ಯಾರು ಎಂಬ ಈ ಪ್ರಶ್ನೆ ನಮ್ಮ ಹಳ್ಳಿಗಳಲ್ಲೂ ಎದುರಾಗುತ್ತಿತ್ತು. ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ ಸಂಘ ಶುರು ಮಾಡಲು ಅರಳಿಕಟ್ಟೆಯ ಹತ್ತಿರ ಸಭೆ ಕರೆದಿದ್ದೆವು. ಗಂಡಸರೆಲ್ಲ ಲೀಟರಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿ ಮುಗಿಸಿದ ಮೇಲೆ, ಹಿಂದೆ ಕೂತಿದ್ದ ಮುದುಕಿಯೊಬ್ಬರು ಎದ್ದರು. ‘ಮೇಡಮ್ಮೋರೆ, ಈ ಡೈರಿ ಯಾರ್ದು? ಸರ್ಕಾರದ್ದಾ, ಇಲ್ಲ ಪಟೇಲ್ರದ್ದಾ?’ ಎಂದರು. ನಿಮ್ಮದೇ ಅಜ್ಜಿ, ಎಂದೆ. ‘ನನ್ದಾದ್ರೆ ನಾನ್ ಹೇಳ್ದಂಗೆ ನಡೀತದಾ?’ ಎಂದರು. ಒಬ್ಬ ಸದಸ್ಯೆಗೆ ಒಂದು ಮತ, ಒಂದು ಹಸು ಕಟ್ಟಿದವರಿಗೂ ಹತ್ತು ಹಸು ಕಟ್ಟಿದವರಿಗೂ ಅಷ್ಟೇ ಎಂದು ಬಿಡಿಸಿ ಹೇಳಿದ ಮೇಲೆ ಕೂತರು. ಆ ಊರಲ್ಲಿ ಪಟೇಲರ ಮನೆಯವರ ಎದುರು ಆಕೆ ಹಾಗೆ ಎದ್ದು ಮಾತಾಡಿದ್ದೇ ಮೊದಲಂತೆ. ಆ ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಆಕೆಯ ಹೆಬ್ಬೆಟ್ಟಿನ ಗುರುತಿದೆ. ಹಾಲು ಅಳೆಯಲು ಯಾರ ಮನೆಯ ಜಗಲಿ ಉಚಿತವಾಗಿ ಸಿಗುತ್ತದೆ ಎಂಬುದು ಅಂದಿನ ಮೊದಲ ಠರಾವು.

ಈಗಿನ ಯಂತ್ರಗಳಲ್ಲಿ ಹಾಲು ಸುರಿದರೆ ಫ್ಯಾಟು, ಎಸ್‌ಎನ್‌ಎಫ್ ಎಂಬ ಕೊಬ್ಬಿಲ್ಲದ ಘನಾಂಶ, ದುಡ್ಡು ಎಲ್ಲ ಚೀಟಿಯಲ್ಲಿ ಅಚ್ಚಾಗಿ ಬರುತ್ತದೆ. ಮೊದಲು ಹಾಗಿರಲಿಲ್ಲ. ಲ್ಯಾಕ್ಟೋಮೀಟರ್ ಇಳಿಬಿಟ್ಟು ಡಿಗ್ರಿ ನೋಡಿ, ಪ್ರತಿಯೊಬ್ಬರ ಹಾಲಿನಿಂದಲೂ ಸ್ಯಾಂಪಲ್ ಬಾಟಲಿಗೆ ಸ್ವಲ್ಪ ತೆಗೆದಿಡಬೇಕು. ಆಮೇಲೆ ಫ್ಯಾಟ್ ಪರೀಕ್ಷೆ. ಗಾಜಿನ ಬ್ಯೂಟಿರೋಮೀಟರಿಗೆ 10 ಮಿಲಿಲೀಟರ್ ಗಂಧಕಾಮ್ಲ, ಅದರ ಮೇಲೆ 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲ್. ಬಿರಡೆ ಹಾಕಿ ಅಲುಗಿಸಿದರೆ ಹಾಲು ಕಂದುಬಣ್ಣಕ್ಕೆ ತಿರುಗಿ, ಕೊಳವೆ ಕೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತದೆ. ಬಟ್ಟೆ ಸುತ್ತಿ ಹಿಡಿದು ಸೆಂಟ್ರಿಫ್ಯೂಜಿನಲ್ಲಿಟ್ಟು ತಿರುಗಿಸಬೇಕು. ಕೊಬ್ಬು ಮೇಲೆ ಬಂದು ಕತ್ತಿನ ಗೆರೆಗಳ ನಡುವೆ ತೆಳು ಹಳದಿಯಾಗಿ ನಿಲ್ಲುತ್ತದೆ. ಕಾರ್ಯದರ್ಶಿಗಳ ಅಂಗಿಯಲ್ಲಿ ಆಸಿಡ್ ಸಿಡಿದ ತೂತುಗಳು ಇರುತ್ತಿದ್ದವು. ಈ ಪರೀಕ್ಷೆ ಯಾರು ಬೇಕಾದರೂ ನೋಡುವ ಹಾಗೆ ನಡೆಯಬೇಕೆಂದು ನಾನು ಹಟ ಹಿಡಿಯುತ್ತಿದ್ದೆ. ವರ್ತನೆ ಹಾಲು ಕೊಳ್ಳುತ್ತಿದ್ದ ವ್ಯಾಪಾರಿ ಹಾಲು ನೀರಾಗಿದೆ ಎಂದರೆ ಅದೇ ಅಂತಿಮ. ಇಲ್ಲಿ ಗೆರೆ ನೋಡಿ ನಾಲ್ಕು ಎಂದೋ ಮೂರೂವರೆ ಎಂದೋ ಹಾಲು ಹಾಕಿದವಳೇ ಓದಬಹುದು. ಆ ಗೆರೆಯ ಮೇಲೆ ಬೆಲೆ, ವಾರ ತುಂಬಿದರೆ ಬಟವಾಡೆ. ಖೇಡಾದ ಮೊದಲ ಸಂಘಗಳಲ್ಲಂತೂ ಬೆಳಗಿನ ಹಾಲಿಗೆ ಸಂಜೆ, ಸಂಜೆಯ ಹಾಲಿಗೆ ಮರುದಿನ ಬೆಳಗ್ಗೆ ದುಡ್ಡು ಕೊಡುತ್ತಿದ್ದರು.

ತರಬೇತಿಗೆಂದು ಆನಂದ್‌ಗೆ ಹೋಗಿದ್ದಾಗ ಅಲ್ಲಿನ ಒಂದು ಹಳ್ಳಿಯ ಸಂಘವನ್ನು ಬೆಳಗಿನ ಹೊತ್ತು ನೋಡಿದೆ. ಹೆಂಗಸರು ಹೊಳೆಯುವ ಹಿತ್ತಾಳೆ ಬೋಗುಣಿ ಹಿಡಿದು ಸಾಲಾಗಿ ನಿಂತಿದ್ದರು. ಮೊದಲು ಬಂದವರು ಮೊದಲು, ಅಷ್ಟೆ. ಬೇರೆ ಬೇರೆ ಜಾತಿಯವರು ಹಿಂದೆ ಮುಂದೆ ನಿಂತಿದ್ದರು, ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತಿತ್ತು. ಮಾತು ಬಾರದ ನನಗೂ ಅಲ್ಲಿ ನಡೆಯುತ್ತಿರುವುದೆಲ್ಲ ಅರ್ಥವಾಯಿತು.

ಕುರಿಯನ್ನರ ಕಥೆಯಲ್ಲಿ ಸಾಕಷ್ಟು ಬೆಳಕು ಬೀಳದವರು ಹರಿಚಂದ್ ಮೇಘಾ ದಲಾಯ. ಮಿಷಿಗನ್‌ನಲ್ಲಿ ಜೊತೆಗಾರರು, ನಿಜವಾದ ಡೇರಿ ತಂತ್ರಜ್ಞ. ಕುರಿಯನ್ ಕರೆದರೆಂದು ಆನಂದ್‌ಗೆ ಬಂದವರು ಅಲ್ಲೇ ಉಳಿದರು. ಒಕ್ಕೂಟಕ್ಕೆ ಚಳಿಗಾಲದಲ್ಲಿ ಒಂದು ಕಷ್ಟ ಬರುತ್ತಿತ್ತು. ಎಮ್ಮೆಗಳು ಬೇಸಿಗೆಗಿಂತ ಸುಮಾರು ಎರಡರಷ್ಟು ಹಾಲು ಕೊಡುವ ಕಾಲ ಅದು. ಮುಂಬೈಗೆ ಅಷ್ಟು ಬೇಡ. ಮಿಕ್ಕ ಹಾಲನ್ನು ಪುಡಿ ಮಾಡಿ ಇಡಬೇಕು, ಆದರೆ ಎಮ್ಮೆ ಹಾಲನ್ನು ಪುಡಿ ಮಾಡಲಾಗದು ಎಂಬುದು ಆ ಕಾಲದ ವಿದೇಶಿ ತಜ್ಞರ ಮಾತು. ಅವರ ದೇಶದಲ್ಲಿ ಎಮ್ಮೆಯೇ ಇಲ್ಲದ್ದರಿಂದ ಅದನ್ನು ಮಾಡಿ ನೋಡುವ ಅಗತ್ಯ ಅವರಿಗೆ ಬಂದಿರಲಿಲ್ಲ. ದಲಾಯ ಬಣ್ಣ ಹೊಡೆಯುವ ಸ್ಪ್ರೇ ಗನ್ ಮತ್ತು ಬಿಸಿಗಾಳಿಯ ಹೀಟರ್ ಜೋಡಿಸಿ ಎಮ್ಮೆ ಹಾಲನ್ನು ಪುಡಿ ಮಾಡಿ ತೋರಿಸಿದರು. ಯುನಿಸೆಫ್ ಯಂತ್ರಗಳನ್ನು ಕೊಟ್ಟಿತು. 1955ರ ಅಕ್ಟೋಬರ್ 31ರಂದು, ಸರ್ದಾರರ ಹುಟ್ಟುಹಬ್ಬದ ದಿನ, ಜವಾಹರಲಾಲ್ ನೆಹರೂ ಆ ಕಾರ್ಖಾನೆಯನ್ನು ಉದ್ಘಾಟಿಸಿದರು. ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ತಯಾರಿಸುವ ವಿಧಾನ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳದು. ಆ ಸಂಸ್ಥೆಯ ಚೆಲುವಾಂಬ ಭವನದ ಪ್ರಯೋಗಾಲಯದಲ್ಲಿ ಕಂಡುಕೊಂಡದ್ದನ್ನು ಅಮುಲ್ ಕೈಗೆತ್ತಿಕೊಂಡು 1960ರ ಹೊತ್ತಿಗೆ ಪೇಟೆಗೆ ತಂದಿತು. ಮೈಸೂರಿನ ಈ ಪಾಲನ್ನು ಮೈಸೂರಿನವರೇ ಹೆಚ್ಚು ಹೇಳುವುದಿಲ್ಲ, ಹೇಳಬೇಕು.

ಆ ಪುಡಿಯ ಹಿಂದೆ ಯಾರ ಕೀರ್ತಿಯ ಆಸೆಯೂ ಇರಲಿಲ್ಲ. ಚಳಿಗಾಲದಲ್ಲಿ ಹಾಲು ಬೇಡವೆಂದು ಸಂಘದ ಬಾಗಿಲಿಂದ ಹೆಣ್ಣುಮಗಳೊಬ್ಬಳನ್ನು ವಾಪಸು ಕಳಿಸುವಂತಿಲ್ಲ ಎಂಬ ಹಟ ಇತ್ತು. ಎಲ್ಲ ಸದಸ್ಯರ ಎಲ್ಲ ಹಾಲನ್ನೂ ವರ್ಷಪೂರ್ತಿ ಕೊಳ್ಳುತ್ತೇವೆ ಎಂದು ಮಾತು ಕೊಟ್ಟ ಮೇಲೆ, ಮುಂದಿನ ಕಾರ್ಖಾನೆ ಯಾವುದು, ಮುಂದಿನ ಯಂತ್ರ ಯಾವುದು ಎಂಬುದೆಲ್ಲ ಆ ಮಾತಿನಿಂದಲೇ ಹೊರಟಿತು. 1963ರಲ್ಲಿ ತ್ರಿಭುವನದಾಸ್, ಕುರಿಯನ್ ಮತ್ತು ಮುಂಬೈ ಹಾಲಿನ ಯೋಜನೆಯ ದಾರಾ ಖುರೋಡಿ ಮೂವರಿಗೂ ಒಟ್ಟಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

1964ರ ಅಕ್ಟೋಬರ್ ಕೊನೆಯಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಕಂಜರಿಯ ಪಶು ಆಹಾರ ಕಾರ್ಖಾನೆಯ ಉದ್ಘಾಟನೆಗೆ ಬಂದರು. ಹಿಂದಿನ ರಾತ್ರಿಯನ್ನು ಅಜರ್ಪುರಾ ಎಂಬ ಹಳ್ಳಿಯಲ್ಲಿ, ಒಬ್ಬ ರೈತನ ಮನೆಯಲ್ಲಿ ಕಳೆದರು. ಕೇರಿ ಕೇರಿ ಸುತ್ತಿ, ಹೆಂಗಸರನ್ನೂ ಮುಸಲ್ಮಾನರನ್ನೂ ದಲಿತರನ್ನೂ ಮಾತಾಡಿಸಿ, ತಡರಾತ್ರಿಯವರೆಗೆ ಕೂತು ಕೇಳಿದರು. ಬೆಳಗ್ಗೆ ಕುರಿಯನ್ನರ ಮುಂದೆ ಅವರು ಇಟ್ಟದ್ದು ಒಂದು ಒಗಟು. ಇಲ್ಲಿನ ಮಣ್ಣು ಗಂಗಾ ಬಯಲಿನ ಮಣ್ಣಿಗಿಂತ ಫಲವತ್ತಲ್ಲ, ಎಮ್ಮೆಗಳು ಉತ್ತರ ಪ್ರದೇಶದ ಎಮ್ಮೆಗಳಿಗಿಂತ ಮೇಲಲ್ಲ, ಮಳೆಯೂ ವಿಶೇಷವಲ್ಲ. ಬೇರೆ ಕಡೆ ಸರ್ಕಾರಿ ಡೇರಿಗಳೆಲ್ಲ ಸೋತಿರುವಾಗ ಇದೊಂದು ಗೆದ್ದದ್ದು ಹೇಗೆ? ಇದು ರೈತರದು, ನಾನು ಅವರ ನೌಕರ ಎಂಬುದೇ ಕುರಿಯನ್ನರ ಉತ್ತರದ ಸಾರ. ಹಾಗಾದರೆ ದೇಶದ ತುಂಬ ಆನಂದ್‌ಗಳನ್ನು ಕಟ್ಟಿ ಎಂದರು ಶಾಸ್ತ್ರಿ. ಕುರಿಯನ್ ಷರತ್ತು ಹಾಕಿದರು. ದೆಹಲಿಗೆ ಬರುವುದಿಲ್ಲ, ಕಚೇರಿ ಆನಂದ್‌ನಲ್ಲೇ ಇರಬೇಕು, ಸಂಬಳ ರೈತರ ಒಕ್ಕೂಟದಿಂದಲೇ ಬರಬೇಕು. 1965ರಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹುಟ್ಟಿದ್ದು ಹೀಗೆ. ದೆಹಲಿ ಕರೆದಾಗ ಆ ಉತ್ತರ ಕೊಡಲು ಕುರಿಯನ್ನರಿಗೆ ರಾತ್ರಿಯಿಡೀ ಯೋಚಿಸಬೇಕಾಗಿರಲಿಲ್ಲ. ಯಾರ ಕೆಲಸದವನು ತಾನು ಎಂಬುದು ಆ ವೇಳೆಗೆ ಅವರಲ್ಲಿ ಗಟ್ಟಿಯಾಗಿತ್ತು.

ಕ್ಷೀರಧಾರೆ ಎಂದು ನಾವು ಕರೆಯುವ ಆಪರೇಷನ್ ಫ್ಲಡ್ ಶುರುವಾದದ್ದು 1970ರಲ್ಲಿ. ಯುರೋಪಿನಲ್ಲಿ ಮಿಕ್ಕಿ ಬಿದ್ದಿದ್ದ ಹಾಲಿನ ಪುಡಿ ಮತ್ತು ಬೆಣ್ಣೆ ಎಣ್ಣೆಯನ್ನು ದಾನವಾಗಿ ಪಡೆದು, ಅದನ್ನು ನಗರಗಳ ಡೇರಿಗಳಿಗೆ ಮಾರಿ, ಆ ಹಣದಲ್ಲಿ ಹಳ್ಳಿಗಳಲ್ಲಿ ಸಂಘ ಕಟ್ಟುವ ಏರ್ಪಾಡು. ದಾನದ ಪುಡಿಗೆ ದೇಶ ಜೋತುಬೀಳುತ್ತದೆ ಎಂದು 1983ರಲ್ಲಿ ಲೇಖಕ ಕ್ಲಾಡ್ ಅಲ್ವಾರಿಸ್ ಕಟುವಾಗಿ ಟೀಕಿಸಿದರು. ಆ ಟೀಕೆ ಪೂರಾ ಸುಳ್ಳೆಂದು ನಾನು ಹೇಳಲಾರೆ. ಕ್ಷೀರಧಾರೆ ನೀರಿಲ್ಲದ, ಮೇವಿಲ್ಲದ ಸೀಮೆಗಳನ್ನು ಬಹಳಷ್ಟು ಮುಟ್ಟಲಿಲ್ಲ. ಆದರೆ ಆಮದಿನ ಪುಡಿ ಅಗ್ಗವಾಗಿ ಬಂದು ರೈತನ ಹಾಲಿನ ಬೆಲೆ ಇಳಿಸದಂತೆ ನೋಡಿಕೊಂಡದ್ದು ಸಣ್ಣ ಕೆಲಸವಲ್ಲ. 1998ರ ಹೊತ್ತಿಗೆ ಭಾರತ ಹಾಲಿನ ಉತ್ಪಾದನೆಯಲ್ಲಿ ಜಗತ್ತಿನಲ್ಲೇ ಮೊದಲಿನದಾಗಿತ್ತು.

ನಮ್ಮಲ್ಲಿ 1955ರಷ್ಟು ಹಿಂದೆಯೇ ಕೊಡಗಿನ ಕೂಡಿಗೆಯಲ್ಲಿ ಡೇರಿ ಶುರುವಾಗಿತ್ತು. ಆನಂದ್ ಮಾದರಿಯ ಹಳ್ಳಿ ಸಂಘಗಳು ಬಂದದ್ದು 1974ರಿಂದ, ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ. ನಂದಿನಿ ಎಂಬ ಹೆಸರನ್ನು ನಿಮಗೆ ನಾನು ಪರಿಚಯ ಮಾಡಿಕೊಡಬೇಕಾಗಿಲ್ಲ.

ನಾನು ಹಳ್ಳಿಗಳಲ್ಲಿ ಕೆಲಸ ಮಾಡುವಾಗ ನನಗೆ ಬಹಳ ಹತ್ತಿರವಾದ ಸಿನಿಮಾ ಶ್ಯಾಮ್ ಬೆನಗಲ್ ಅವರ ‘ಮಂಥನ್’. 1976ರದು. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ತೆಗೆಸಿದ ಚಿತ್ರ. ಸಂಘ ಕಟ್ಟಲು ಬರುವ ಡಾ. ರಾವ್ ಆಗಿ ನಮ್ಮ ಗಿರೀಶ ಕಾರ್ನಾಡರು, ಅವರ ತಂಡದಲ್ಲಿ ಅನಂತ್ ನಾಗ್. ಕೊನೆಯಲ್ಲಿ ಡಾ. ರಾವ್ ಊರು ಬಿಟ್ಟು ಹೋಗಬೇಕಾಗುತ್ತದೆ, ಸಂಘವನ್ನು ಊರಿನ ಭೋಲಾ ಕೈಗೆತ್ತಿಕೊಳ್ಳುತ್ತಾನೆ. ಕುರಿಯನ್ ಉಳಿದರು, ಚಿತ್ರದ ನಾಯಕ ಹೊರಡುತ್ತಾನೆ. ಎರಡೂ ನಿಜ ಎಂದು ನನಗನಿಸುತ್ತದೆ. ವರ್ಗವಾದಾಗ ಕಷ್ಟಪಟ್ಟು ಕಟ್ಟಿದ ಸಂಘಗಳನ್ನು ಬಿಟ್ಟು ಹೋಗುವ ಸಂಕಟ ನಮ್ಮ ಕೆಲಸದವರಿಗೆಲ್ಲ ಗೊತ್ತಿದೆ.

ತ್ರಿಭುವನದಾಸರ ಕಡೆಗೆ ಮತ್ತೆ ಬರುತ್ತೇನೆ, ಏಕೆಂದರೆ ನನ್ನ ಕಣ್ಣಿನಲ್ಲಿ ಈ ಚರಿತ್ರೆಯ ಹಿರಿಯ ಅವರೇ. 1970ರ ದಶಕದ ಮೊದಲ ವರ್ಷಗಳಲ್ಲಿ, ಒಕ್ಕೂಟ ಒಳ್ಳೆಯ ಉಚ್ಛ್ರಾಯದಲ್ಲಿದ್ದಾಗ, ಯಾರೂ ಇಳಿಯಿರಿ ಎನ್ನದೆ ಇದ್ದಾಗ ಅವರು ಅಧ್ಯಕ್ಷ ಸ್ಥಾನ ಬಿಟ್ಟರು. ಹಳ್ಳಿಗಳ ಸದಸ್ಯರು ತಲಾ ಒಂದು ರೂಪಾಯಿ ಸೇರಿಸಿ 6 ಲಕ್ಷ ರೂಪಾಯಿಯ ಗೌರವನಿಧಿ ಕೊಟ್ಟರು. ಆ ಹಣವನ್ನು ಅವರು ಹಳ್ಳಿಯ ತಾಯಿ ಮಕ್ಕಳ ಆರೋಗ್ಯಕ್ಕಾಗಿ ಒಂದು ಪ್ರತಿಷ್ಠಾನ ಕಟ್ಟಲು ಕೊಟ್ಟರು. ಕುರಿಯನ್ 1998ರವರೆಗೆ ಡೇರಿ ಮಂಡಳಿಯಲ್ಲಿ, 2006ರವರೆಗೆ ಗುಜರಾತ್ ಹಾಲು ಮಹಾಮಂಡಳದಲ್ಲಿ ಮುಖ್ಯಸ್ಥರಾಗಿದ್ದರು. ಕೊನೆಯ ವರ್ಷಗಳಲ್ಲಿ ತಾವೇ ಬೆಳೆಸಿದವರೊಂದಿಗೆ ಮನಸ್ತಾಪ ಬೆಳೆಯಿತು. ಅವರನ್ನು ಎಷ್ಟು ಗೌರವಿಸುತ್ತೇನೋ ಅಷ್ಟೇ ಖಚಿತವಾಗಿ ಹೇಳುತ್ತೇನೆ: ಅವರು ಹತ್ತು ವರ್ಷ ಮೊದಲೇ ಇಳಿಯಬೇಕಿತ್ತು. ಕೆಲಸ ರೈತರದು ಎಂದ ಮೇಲೆ ಅದನ್ನು ಇನ್ನೊಬ್ಬರ ಕೈಗೆ ಕೊಡುವ ದಿನವೂ ಆ ಮಾತಿನೊಳಗೇ ಇದೆ. ಅದನ್ನು ಯಾವ ದೊಡ್ಡ ಪದವಿಯಿಲ್ಲದ ತ್ರಿಭುವನದಾಸರು ಸರಿಯಾಗಿ ಕಂಡಿದ್ದರು. 2025ರಲ್ಲಿ ಆನಂದ್‌ನಲ್ಲಿ ಸಹಕಾರ ವಿಶ್ವವಿದ್ಯಾಲಯ ಮಾಡುವ ಕಾಯ್ದೆಯನ್ನು ಸಂಸತ್ತು ಒಪ್ಪಿದಾಗ ಅದಕ್ಕೆ ಅವರ ಹೆಸರಿಟ್ಟದ್ದು ತಡವಾದರೂ ಆಗಬೇಕಾದ ಕೆಲಸ.

ಹೊಸ ಅಧಿಕಾರಿಗಳಿಗೆ ಕೊನೆಗೆ ನಾನು ಹೇಳುವುದು ಒಂದು ಕೆಲಸ, ಅದನ್ನು ಓದುಗರಿಗೂ ಹೇಳುತ್ತೇನೆ. ನಮ್ಮ ಹಳ್ಳಿ ಸಂಘಗಳನ್ನು ಕಟ್ಟಿದ ಮೊದಲ ಅಧ್ಯಕ್ಷರು, ಮೊದಲ ಕಾರ್ಯದರ್ಶಿಗಳು ಈಗ ಎಂಬತ್ತರ ಆಚೆಗಿದ್ದಾರೆ. ಕೆಲವು ಸಂಘಗಳಲ್ಲಿ ಕಂಪ್ಯೂಟರ್ ಬಂದ ಮೇಲೆ ಹಳೆಯ ನಡಾವಳಿ ಪುಸ್ತಕಗಳನ್ನು ಅಟ್ಟಕ್ಕೆ ಎಸೆದಿದ್ದಾರೆ, ಗೆದ್ದಲು ಹತ್ತಿದ್ದನ್ನು ನಾನೇ ನೋಡಿದ್ದೇನೆ. ಜಗಲಿ ಬಿಟ್ಟುಕೊಟ್ಟವರ ಹೆಸರು, ಬರಗಾಲದ ವರ್ಷ ಮೇವಿಗೆ ಏನು ಮಾಡಿದರು, ಹಾಲಿಗೆ ನೀರು ಬೆರೆಸಿದವನಿಗೆ ಯಾವ ದಂಡ ಹಾಕಿದರು, ಬೋನಸ್ಸಿನಲ್ಲಿ ಶಾಲೆಗೆ ಏನು ಕಟ್ಟಿಸಿದರು, ಎಲ್ಲ ಅದರಲ್ಲಿದೆ. ಊರಿಗೆ ಹೋದಾಗ ಡೈರಿಯ ಬಾಗಿಲಲ್ಲಿ ನಿಂತು ಆ ಪುಸ್ತಕ ಕೇಳಿ ತೆಗೆಸಿ, ಧೂಳು ಕೊಡವಿ ಓದಿ, ಪುಟ ಪುಟದ ಫೋಟೊ ತೆಗೆದಿಡಿ. ಆ ಹಿರಿಯರು ಇರುವಾಗಲೇ ಅವರ ಪಕ್ಕ ಕೂತು ಕೇಳಿ ಬರೆದುಕೊಳ್ಳಿ.